ಅದಿರಲಿ ಮೇಷ್ಟ್ರು

ನಮ್ಮ ಮೇಷ್ಟ್ರು ಯಾರನ್ನು ಕಂಡರೂ ‘ಸಣ್ಣಗಾಗಿದ್ದೀಯ’ ಎಂದಾಗಲಿ ‘ದಪ್ಪಗಾಗಿದ್ದೀಯ’ ಎಂದಾಗಲಿ ಹೇಳಿದವರಲ್ಲ. ಇದೇನು ಮಹಾ ವಿಶೇಷ ಎನ್ನುವವರು ಒಂದೇ ಒಂದು ದಿನ ಹಾಗೆ ಇದ್ದು ನೋಡಬೇಕು. ವರ್ಷದ ಮೇಲೆ ಸಿಕ್ಕ ಗೆಳೆಯನಿಗೆ ‘ಏನಯ್ಯಾ, ಹೀಗೆ ಸೊರಗಿ ಕಡ್ಡಿಯಾಗಿದ್ದೀಯ’ ಎನ್ನದೆ, ಅಕ್ಕನ ಮಗಳಿಗೆ ‘ಕೆನ್ನೆ ಎಲ್ಲಿ ಹೋಯಿತೇ’ ಎನ್ನದೆ ಮಾತು ಶುರು ಮಾಡುವ ವಿದ್ಯೆ ನಮ್ಮಲ್ಲಿ ಯಾರಿಗಿದೆ? ನಮಗೆ ಅದೇ ಪ್ರೀತಿಯ ಮುಂಬಾಗಿಲು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮೇಷ್ಟ್ರು ಆ ಬಾಗಿಲಿಗೆ ಇಪ್ಪತ್ತಾರು ವರ್ಷ ಬೀಗ ಜಡಿದಿದ್ದರು. ಯಾರಾದರೂ ತಾವಾಗಿಯೇ ‘ನೋಡಿ ಸಾರ್, ಹೊಟ್ಟೆ ಬಂದುಬಿಟ್ಟಿದೆ’ ಎಂದು ತಮ್ಮ ಮೈಯ ಪುರಾಣ ತೆಗೆದರೆ, ‘ಅದಿರಲಿ’ ಎಂದು ಕೈ ಅಡ್ಡ ಹಿಡಿದು, ‘ಈಗ ಏನು ಓದ್ತಿದ್ದೀರಿ?’ ಎಂದು ಮಾತಿನ ದಿಕ್ಕು ತಿರುಗಿಸುತ್ತಿದ್ದರು. ಕಾಲೇಜಿನಲ್ಲಿ ಅವರ ಹೆಸರೇ ಅದಿರಲಿ ಮೇಷ್ಟ್ರು ಎಂದಾಗಿಹೋಗಿತ್ತು.

ಅವರದ್ದೋ ಧಾರಾಳವಾದ ದೇಹ. ಪುಸ್ತಕದ ಚೀಲವನ್ನು ಸದಾ ಎಡಗೈಯಲ್ಲೇ ಹಿಡಿದು ಹಿಡಿದು, ಚೀಲವಿಲ್ಲದ ದಿನವೂ ಎಡಕ್ಕೆ ವಾಲಿಕೊಂಡೇ ಕಾರಿಡಾರಿನ ಗೋಡೆ ಸವರುತ್ತ ನಡೆಯುತ್ತಿದ್ದರು. ಅಣ್ಣನಿಂದ ಬಂದ ಕಂದು ಕೋಟೊಂದು ಎಲ್ಲ ಋತುಗಳಲ್ಲೂ ಅವರ ಮೈಮೇಲಿರುತ್ತಿತ್ತು. ಅವರ ಹೆಂಡತಿಗೆ ಗಂಡನ ವ್ರತದ ಮೇಲೆ ದೊಡ್ಡ ದೂರಿತ್ತು. “ಹೊಸ ಬಟ್ಟೆ ಹಾಕ್ಕೊಂಡು ಎದುರಿಗೆ ನಿಂತ್ರೂ ಈ ಮನುಷ್ಯ ಬಾಯಿ ಬಿಡಲ್ಲ ಕಣ್ರೀ. ಬಟ್ಟೆ ಏನು ಮೈಯಾ?” ಎಂದು ನಮ್ಮೆದುರೇ ಕೇಳುತ್ತಿದ್ದರು. ಮೇಷ್ಟ್ರು ತಪ್ಪಿತಸ್ಥರ ಹಾಗೆ ನಗುತ್ತಿದ್ದರು.

ವರ್ಷದ ಮೊದಲ ತರಗತಿಯಲ್ಲಿ ಅವರು ಪಾಠ ಮಾಡುತ್ತಿರಲಿಲ್ಲ. ವೇದಿಕೆಯ ಮೇಲೆ ಒಂದು ಸುತ್ತು ತಿರುಗಿ ನಿಂತು, “ನನ್ನನ್ನ ವರ್ಣಿಸಿ ಐದು ಸಾಲು ಬರೀರಿ, ಹೆಸರು ಬೇಡ” ಎನ್ನುತ್ತಿದ್ದರು. ಆಮೇಲೆ ಒಂದೊಂದೇ ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ನಲವತ್ತರಲ್ಲಿ ಮೂವತ್ತು ಚೀಟಿಗಳು ಹೊಟ್ಟೆಯಿಂದಲೇ ಶುರುವಾಗುತ್ತಿದ್ದವು. ಭಯಸ್ಥರು ಮಾತ್ರ ‘ಗಂಭೀರ ವ್ಯಕ್ತಿತ್ವ’ ಎಂದು ಬರೆದು ಪಾರಾಗುತ್ತಿದ್ದರು. ನಾನು ಬರೆದದ್ದು, ‘ಮೇಷ್ಟ್ರ ಕೋಟಿನ ಗುಂಡಿಗೂ ಕಾಜಕ್ಕೂ ಮಾತುಕತೆ ನಿಂತು ಬಹಳ ವರ್ಷವಾದಂತಿದೆ.’ ಅದನ್ನೋದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅಕ್ಷರದ ಜಾಡು ಹಿಡಿದು ನನ್ನನ್ನು ಪತ್ತೆಮಾಡಿ, ಎರಡು ವರ್ಷದ ನಂತರ ತಮ್ಮ ಸಂಶೋಧನೆಗೆ ಸಹಾಯಕಳಾಗಿ ಕರೆದುಕೊಂಡರು. ನನ್ನ ಅಂಕಗಳನ್ನು ನೋಡಿ ಕರೆದವರಲ್ಲ ಎಂಬುದು ಖಂಡಿತ.

ಆ ಸಂಶೋಧನೆಗೆ ಬೇಕಾಗಿದ್ದುದು ಒಂದು ಹತ್ತಿಯ ಹಗ್ಗ. ಬಂದ ಹುಡುಗಿಯರು ತಮ್ಮ ಸೊಂಟ ಇಷ್ಟಿರಬಹುದು ಎನ್ನಿಸಿದಷ್ಟು ದೊಡ್ಡ ಸುತ್ತನ್ನು ನೆಲದ ಮೇಲೆ ಹಾಕಬೇಕು. ಅದರೊಳಗೆ ನಾನು ನಿಜವಾದ ಅಳತೆಯ ಇನ್ನೊಂದು ಸುತ್ತು ಹಾಕಿ, ನಡುವಿನ ಅಂತರವನ್ನು ಬರೆದುಕೊಳ್ಳಬೇಕು. ಜೊತೆಗೆ ಬಂದ ತಾಯಂದಿರಿಗೆ ಮಗಳ ಸೊಂಟದ ಸುತ್ತನ್ನೂ ಹಾಕಲು ಹೇಳುತ್ತಿದ್ದೆವು. ಮಗಳದ್ದನ್ನು ಹೆಚ್ಚುಕಡಿಮೆ ಸರಿಯಾಗಿ ಹಾಕಿದ ತಾಯಿ, ತನ್ನದಕ್ಕೆ ಮಾತ್ರ ಇಬ್ಬರು ಕೂರಬಹುದಾದಷ್ಟು ಹಗ್ಗ ಬಿಡುತ್ತಿದ್ದಳು. ಎರಡು ಸುತ್ತುಗಳನ್ನೂ ನೋಡಿ ನಗಲು ಹೋದ ಒಬ್ಬಾಕೆ ಅಲ್ಲೇ ಅತ್ತುಬಿಟ್ಟದ್ದು ನನಗೆ ನೆನಪಿದೆ. ಮೇಷ್ಟ್ರು ಹಗ್ಗವನ್ನು ಮೆಲ್ಲಗೆ ಸುತ್ತಿಟ್ಟು ಆಕೆಗೆ ನೀರು ತಂದುಕೊಟ್ಟರು.

ಗುರುವಾರ ಮಧ್ಯಾಹ್ನ ಅದೇ ಕೋಣೆ ಚಿಕಿತ್ಸೆಯ ಕೋಣೆಯಾಗುತ್ತಿತ್ತು. ಅಲ್ಲಿಗೆ ಒಬ್ಬ ಟೈಲರ್ ತನ್ನ ಹದಿನೇಳು ವರ್ಷದ ಮಗಳನ್ನು ಕರೆತಂದ. ದಪ್ಪಗಾಗುವ ಭಯಕ್ಕೆ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟು ಏಳು ತಿಂಗಳಾಗಿದ್ದ ಹುಡುಗಿ. “ಇವಳ ಯೂನಿಫಾರ್ಮನ್ನ ಮೂರು ಸಲ ಹಿಡಿದು ಹೊಲಿದೆ ಸಾರ್. ಹಿಡಿಯೋಕೆ ಬಟ್ಟೆ ಇನ್ನೂ ಇದೆ, ಒಳಗೆ ಮಗಳೇ ಇಲ್ಲ” ಎಂದು ಆತ ಟೋಪಿಯನ್ನು ಹಿಂಡುತ್ತ ನಿಂತಿದ್ದ. ಪಕ್ಕದ ಕೋಣೆಯ ವೈದ್ಯೆ ವಾರವಾರ ಅವಳ ತೂಕ, ನಾಡಿ ನೋಡುತ್ತಿದ್ದರು. ಮೇಷ್ಟ್ರು ಅವಳ ಮಾತು ಕೇಳುತ್ತಿದ್ದರು. ಹದಿನಾಲ್ಕು ತಿಂಗಳು ಹಾಗೆ ಕಳೆಯಿತು. ಒಂದು ತುತ್ತು ಎರಡಾಗಿ, ಎರಡು ಹತ್ತಾಗಿ, ಒಂದು ಗುರುವಾರ ಆ ಹುಡುಗಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ನಗುತ್ತ ಬಂದಳು.

ಬಾಗಿಲು ತೆರೆದ ಮೇಷ್ಟ್ರ ಬಾಯಿಂದ ಹೊರಟ ಮಾತನ್ನು ಹೊರಗೆ ಮೇಜಿನ ಬಳಿ ಕುಳಿತ ನಾನು ಕೇಳಿದೆ. “ಏನಮ್ಮಾ, ಮೈಕೈ ತುಂಬಿಕೊಂಡು ಎಷ್ಟು ಲಕ್ಷಣವಾಗಿ ಕಾಣ್ತಿದ್ದೀಯ ಇವತ್ತು!”

ಹೆತ್ತ ತಾಯಿ ಆಡುವ ಮಾತು ಅದು. ಆದರೆ ಇಂಥ ಕಾಯಿಲೆಯವರ ಕಿವಿಗೆ ಅದರಲ್ಲಿ ‘ತುಂಬಿಕೊಂಡು’ ಎಂಬ ಒಂದೇ ಪದ ಬೀಳುತ್ತದೆ ಎಂದು ನಮಗೆ ವರ್ಷವರ್ಷವೂ ಪಾಠ ಹೇಳಿದವರು ಅವರೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗಿ ಒಂದು ಗಂಟೆ ಎಲ್ಲಕ್ಕೂ ‘ಹೂಂ ಸಾರ್’ ಎಂದು ಎದ್ದುಹೋದಳು. ಮುಂದಿನ ಗುರುವಾರ ಬರಲಿಲ್ಲ, ಅದರ ಮುಂದಿನ ಗುರುವಾರವೂ ಬರಲಿಲ್ಲ. ಆಮೇಲೆ ಅಪ್ಪನ ಫೋನು ಬಂತು. “ಮತ್ತೆ ಊಟ ಬಿಟ್ಟಿದ್ದಾಳೆ ಸಾರ್. ಕೇಳಿದ್ರೆ, ‘ಸಾರ್ ಕಣ್ಣಿಗೂ ಬಿತ್ತಲ್ಲಪ್ಪಾ’ ಅಂತಾಳೆ.” ತೂಕ ಇನ್ನೊಮ್ಮೆ ಇಳಿದರೆ ಅವಳ ಹೃದಯ ತಡೆಯಲಾರದು ಎಂದು ವೈದ್ಯೆ ಮೊದಲೇ ಎಚ್ಚರಿಸಿದ್ದರು.

ಮೇಷ್ಟ್ರು ಟೈಲರನ ಒಪ್ಪಿಗೆ ಕೇಳಿ, ಶನಿವಾರ ಅವನ ಅಂಗಡಿಗೆ ಹೋದರು, ಜೊತೆಯಲ್ಲಿ ನಾನಿದ್ದೆ. ಶನಿವಾರ ಅಪ್ಪ ಕೂಗಿದ ಅಳತೆಗಳನ್ನು ಬರೆದುಕೊಳ್ಳುವುದು ಮಗಳ ಕೆಲಸ. ಮೇಷ್ಟ್ರು ಕೋಟು ಬಿಚ್ಚಿ ನನ್ನ ಕೈಗಿತ್ತು, “ಒಂದು ಅಂಗಿ ಹೊಲಿಬೇಕು” ಎಂದು ತೋಳೆತ್ತಿ ನಿಂತರು. ಎದೆ, ಭುಜ, ತೋಳು ಎಲ್ಲವನ್ನೂ ಸರಾಗವಾಗಿ ಕೂಗಿದ ಟೈಲರ್ ಹೊಟ್ಟೆಗೆ ಬಂದಾಗ ಸಂಕೋಚದಿಂದ ಪಿಸುಗುಟ್ಟಿದ.

“ಜೋರಾಗಿ ಹೇಳಪ್ಪಾ, ಬರಕೊಳ್ಳೋರಿಗೆ ಕೇಳಿಸ್ಬೇಕು.”

“ನಲವತ್ತಾರೂವರೆ.”

ಹುಡುಗಿ ಬರೆದುಕೊಂಡಳು. ಮೇಷ್ಟ್ರು ತೋಳಿಳಿಸಿ ಅವಳ ಕಡೆ ತಿರುಗಿದರು. “ಅವತ್ತು ನೀನು ನಗ್ತಾ ಬಂದೆ. ಅದನ್ನ ನೋಡಿ ನನಗೆ ತಡೆಯಲಾರದಷ್ಟು ಖುಷಿಯಾಯ್ತು. ನಗು ಅನ್ನೋ ಕಡೆ ಮೈ ಅಂದುಬಿಟ್ಟೆ. ತಪ್ಪಾಯ್ತು ಕಣಮ್ಮಾ.”

ಹುಡುಗಿ ತಲೆಯೆತ್ತಲಿಲ್ಲ. “ಆದ್ರೆ ನಿಜಾನೇ ತಾನೆ ಸಾರ್, ತುಂಬಿಕೊಂಡಿರೋದು?”

“ನಿಜ. ನನ್ನ ನಲವತ್ತಾರೂವರೇನೂ ನಿಜ. ಬರೀವಾಗ ನನ್ನ ಮೇಲೆ ಅಸಹ್ಯ ಆಯ್ತಾ?”

ಅವಳು ಬರೆದದ್ದನ್ನು ಇನ್ನೊಮ್ಮೆ ನೋಡಿದಳು. “ಇಲ್ಲ ಸಾರ್” ಎಂದಳು. ಆಮೇಲೆ, “ಜೇಬು ಒಂದಿಡೋದಾ, ಎರಡಾ?” ಎಂದು ಕೇಳಿದಳು. ಟೈಲರ್ ಬೆನ್ನು ತಿರುಗಿಸಿ ಸುಮ್ಮಸುಮ್ಮನೆ ಇಸ್ತ್ರಿಪೆಟ್ಟಿಗೆ ಒರೆಸತೊಡಗಿದ.

ಗುರುವಾರ ಅವಳು ಕಾಲು ಗಂಟೆ ತಡವಾಗಿ ಬಂದಳು. ಒಂದೇ ದಿನದಲ್ಲಿ ಗುಣವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನೂ ಎರಡು ವರ್ಷ ಏಳುತ್ತ ಬೀಳುತ್ತ ಸಾಗಿತು, ಆದರೆ ಬರುವುದನ್ನು ಅವಳು ನಿಲ್ಲಿಸಲಿಲ್ಲ. ಅವಳ ಒಪ್ಪಿಗೆ ಪಡೆದು, ಅವಳ ಗುರುತು ಸಿಗದ ಹಾಗೆ, ಮೇಷ್ಟ್ರು ಆ ತಪ್ಪನ್ನು ನಿವೃತ್ತರಾಗುವವರೆಗೂ ಪಾಠ ಮಾಡಿದರು. ಈಗ ಅವರಿಲ್ಲ. ನಾನೂ ಪಾಠ ಹೇಳುವವಳಾಗಿದ್ದೇನೆ. ಹಗ್ಗ ಹಿಡಿದು ನಿಂತಾಗಲೆಲ್ಲ ಅವರು ಇರಬೇಕಿತ್ತು ಅನ್ನಿಸುತ್ತದೆ.

ಬಲ್ಲವರಿಗೆ ಲೋಕದಲ್ಲಿ ಬರವಿಲ್ಲ. ಬಲ್ಲವರು ಎಡವುವುದೂ ಅಪರೂಪವಲ್ಲ. ಎಡವಿದಾಗ ಅವರಲ್ಲಿ ಹೆಚ್ಚಿನವರು ಶಾಸ್ತ್ರದ ಹಿಂದೆ ಅಡಗಿ, ರೋಗಿಯದೇ ದೋಷವೆಂದು ಟಿಪ್ಪಣಿ ಬರೆದು ಕೈ ತೊಳೆದುಕೊಳ್ಳುತ್ತಾರೆ. ಪರರ ಮೈಮನಸ್ಸುಗಳನ್ನು ಅಳೆಯುವ ಕಸುಬು ಹಿಡಿದವರು, ತಾವು ನೋಯಿಸಿದವರ ಎದುರಿಗೆ ಒಮ್ಮೆಯಾದರೂ ತೋಳೆತ್ತಿ ನಿಂತು ಅಳೆಸಿಕೊಳ್ಳಬೇಕು. ಹಾಗೆ ನಿಂತವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ.