ಎಡಗಡೆಯ ಟೈರು

ಕೋಪ ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ. ಬೋಳು ಟೈರು ತಂದು ‘ಇನ್ನೊಂದು ವರ್ಷ ಓಡತ್ತಲ್ಲ?’ ಎನ್ನುವ ಗಿರಾಕಿಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟು ಕಳಿಸುವವನು ನಾನು. ಆದರೆ ಭಾವನ ಮುಂದೆ ಬಾಯಿ ಕಟ್ಟಿಹೋಗುತ್ತದೆ. ಅಕ್ಕನ ಗಂಡ ಎನ್ನುವುದು ಒಂದು, ಏಳನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಕಲಿಸಿದ ಮೇಷ್ಟ್ರು ಎನ್ನುವುದು ಇನ್ನೊಂದು. ಅವರೆದುರು ಇವತ್ತಿಗೂ ನಾನು ಕೈ ಕಟ್ಟಿಕೊಂಡೇ ನಿಲ್ಲುವುದು.

ಅವತ್ತು ಬೆಳಿಗ್ಗೆ ಅವರು ಅಕ್ಕನನ್ನು ಕೂರಿಸಿಕೊಂಡು ಬಂದು ತಮ್ಮ ಕೆಂಪು ಸ್ಪೋರ್ಟ್ಸ್ ಕಾರನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ಎರಡೇ ಸೀಟು, ಕಾಲು ಸೋಕಿಸಿದರೆ ಚಿಮ್ಮುವ ಇಂಜಿನ್ನು. ನಿವೃತ್ತಿಯಾದ ವಾರವೇ ಕೊಂಡದ್ದು. ಕಂಡವರೆಲ್ಲ ನಕ್ಕರೂ ಕ್ಯಾರೇ ಅಂದಿರಲಿಲ್ಲ. ಮಾರನೆಯ ದಿನ ಇಬ್ಬರೂ ಬೆಟ್ಟದ ದಾರಿ ಹಿಡಿದು ಹೊರಡುವವರಿದ್ದರು. ಬಲಕ್ಕೆ ಬಂಡೆ, ಎಡಕ್ಕೆ ಪ್ರಪಾತ, ಬೆಳಗಿನ ಮಂಜಿಗೆ ಸದಾ ಒದ್ದೆಯಾಗಿರುವ ದಾರಿ ಅದು. ಎಡಗಡೆಯ ಸೀಟಿನಲ್ಲಿ ಕೂರುವವಳು ನನ್ನ ಅಕ್ಕ.

ನಾನು ಎರಡು ಬಗೆಯ ಟೈರು ನಾಲ್ಕು ನಾಲ್ಕು ತೆಗೆದಿಟ್ಟಿದ್ದೆ. ಒಂದು ಮೆತ್ತನೆಯದು, ಗೋಡೆಗೆ ಹಲ್ಲಿ ಅಂಟಿದ ಹಾಗೆ ರಸ್ತೆ ಹಿಡಿಯುತ್ತದೆ, ಆದರೆ ಎರಡು ವರ್ಷಕ್ಕೆ ಸವೆದು ಕೂರುತ್ತದೆ. ಇನ್ನೊಂದು ಗಟ್ಟಿಯದು, ಅದರ ಮೂರು ಪಟ್ಟು ಬಾಳುತ್ತದೆ, ಒದ್ದೆ ರಸ್ತೆಯಲ್ಲಿ ಮಾತ್ರ ನಂಬುವ ಹಾಗಿಲ್ಲ. ಭಾವ ಗಟ್ಟಿಯದನ್ನೇ ಹಾಕು ಎಂದರು. ತಾನು ಹುಷಾರಾಗಿ ಓಡಿಸುವವನು, ಹಿಡಿತ ಟೈರಿನಲ್ಲಲ್ಲ, ತಲೆಯಲ್ಲಿರಬೇಕು ಎಂದು ಪಾಠ ಮಾಡಿದರು. ಒದ್ದೆ ತಿರುವಿನಲ್ಲಿ ಟೈರು ಜಾರಿದರೆ ತಲೆ ಏನು ಮಾಡುತ್ತದೆ ಎಂದು ಕೇಳಬೇಕೆನಿಸಿತು. ಕೇಳಿದೆ ಕೂಡ, ಅರ್ಧ ದನಿಯಲ್ಲಿ. ಅವರು ನಕ್ಕು, ನಿನ್ನಕ್ಕ ಪಕ್ಕದಲ್ಲಿ ಕೂತರೆ ಅವಳ ಬಾಯಿಗೇ ಬ್ರೇಕಿಲ್ಲ, ದಾರಿಯುದ್ದಕ್ಕೂ ವಟವಟ, ಅದಕ್ಕೊಂದು ಟೈರಿದ್ದರೆ ಕೊಡು ಎಂದು ತಮಾಷೆ ಮಾಡಿದರು.

ಅಕ್ಕ ನಗಲಿಲ್ಲ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ಬಂದಾಗಿನಿಂದ ತುಟಿ ಪಿಟಕ್ಕೆನ್ನಲಿಲ್ಲ. ನನಗಾಗಲೇ ಅನುಮಾನ ಬರಬೇಕಿತ್ತು.

ಈ ಅಂಗಡಿ ನಮ್ಮಪ್ಪನದು. ಅವರದೊಂದು ಪದ್ಧತಿ ಇತ್ತು. ಗಿರಾಕಿ ಬಾಯಿ ತೆರೆಯುವ ಮೊದಲು ಹಳೆ ಟೈರಿನ ಮೇಲೆ ಸುತ್ತಲೂ ಅಂಗೈ ಆಡಿಸಬೇಕು. ಮನುಷ್ಯ ತಾನು ಹೇಗೆ ಓಡಿಸುತ್ತೇನೆಂದು ಸುಳ್ಳು ಹೇಳಬಹುದು, ಟೈರು ಹೇಳುವುದಿಲ್ಲ ಎನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ನಾನು ಅದನ್ನು ತಪ್ಪಿಸಿದವನಲ್ಲ. ಭಾವನ ವಿಷಯದಲ್ಲಿ ಮಾತ್ರ ಸಂಕೋಚ. ಮೇಷ್ಟ್ರ ಮಾತಿಗೆ ಸಾಕ್ಷಿ ಹುಡುಕುವುದುಂಟೆ? ಸರಿ, ಅವರಿಷ್ಟ ಎಂದುಕೊಂಡು ಜಾಕ್ ಕೊಟ್ಟೆ.

ಬಲಗಡೆಯ ಎರಡು ಚಕ್ರ ಬಿಚ್ಚಿದೆ. ಸವೆತ ಒಂದೇ ಸಮ, ಮೇಷ್ಟ್ರ ಅಕ್ಷರದ ಹಾಗೆ. ಎಡಗಡೆಯ ಮುಂದಿನ ಚಕ್ರ ಬಿಚ್ಚಿ ಉರುಳಿಸಲು ಕೈ ಹಾಕಿದವನು ಹಾಗೇ ನಿಂತೆ. ಟೈರಿನ ಪಕ್ಕೆ ಪೂರ್ತಿ ತರಚಿಹೋಗಿತ್ತು. ಅಕ್ಷರಗಳೇ ಅಳಿಸಿದ್ದವು. ರಿಮ್ಮಿನ ಅಂಚು ಇಲಿ ಕಚ್ಚಿದಂತಾಗಿತ್ತು. ಒಳಮಗ್ಗುಲಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ. ಒಳಗಿನ ನೂಲು ಹರಿದ ಗುರುತು, ಯಾವ ಗಳಿಗೆಯಲ್ಲಾದರೂ ಸಿಡಿಯುವಂಥದು. ಹಿಂದಿನ ಚಕ್ರ ನೋಡಿದೆ. ಅದರ ಪಕ್ಕೆಯೂ ಹಾಗೇ. ಕೆಲವು ಗೀರು ಹಳೆಯವು, ಕೆಲವು ನಿನ್ನೆ ಮೊನ್ನೆಯವು. ಬಲಗಡೆ ಒಂದೂ ಇಲ್ಲ.

ಇದೇನು ಭಾವ ಎಂದೆ. ಕಾರು ನಿಲ್ಲಿಸುವಾಗ ಕಲ್ಲಿಗೆ ತಾಗಿರಬೇಕು ಎಂದರು, ಬಹಳ ಬೇಗ. ಅಕ್ಕ ನೆಲ ನೋಡುತ್ತಿದ್ದಳು.

ನಾನು ಮೇಜಿನ ಮೇಲೆ ಆಗಷ್ಟೇ ಬಂದಿದ್ದ ಟೀ ಲೋಟ ತೆಗೆದುಕೊಂಡು ಹೋಗಿ ಅವರ ಎಡಗಡೆ ನಿಂತು, ಭುಜದ ಹತ್ತಿರವೇ ಹಿಡಿದೆ. ಅವರು ಎದುರಿನ ರಸ್ತೆ ನೋಡುತ್ತಲೇ ಇದ್ದರು. ಲೋಟದ ಬಿಸಿಗೆ ನನ್ನ ಬೆರಳು ಸುಡುತ್ತಿತ್ತು. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಲೋಟ ಗಾಳಿಯಲ್ಲೇ ಉಳಿಯಿತು.

“ಭಾವ, ಟೀ.”

ಅವರು ಬೆಚ್ಚಿ, ಇಡೀ ತಲೆಯನ್ನು ತಿರುಗಿಸಿದರು. ಲೋಟ ನೋಡಿದರು, ಆಮೇಲೆ ನನ್ನನ್ನು. ನಾನು ಏನು ಮಾಡಿದೆನೆಂದು ಅವರಿಗೆ ಗೊತ್ತಾಯಿತು. ಎಷ್ಟೆಂದರೂ ಮೇಷ್ಟ್ರು.

“ಎಷ್ಟು ದಿನದಿಂದ?” ಎಂದೆ.

ಉತ್ತರ ಕೊಟ್ಟವಳು ಅಕ್ಕ. “ಆರು ತಿಂಗಳಾಯ್ತು ಕಣೋ. ಎಡಗಣ್ಣಿನ ನರ ಒಣಗಿದೆಯಂತೆ. ಓಡಿಸ್ಲೇಬೇಡಿ ಅಂದಿದ್ದಾರೆ ಡಾಕ್ಟ್ರು. ನಾನೇ ಪಕ್ಕದಲ್ಲಿ ಕೂತು ಹೇಳ್ತಾ ಇರ್ತೀನಿ. ಎಡಕ್ಕೆ ಸೈಕಲ್ಲು, ಎಡಕ್ಕೆ ಮಗು, ಎಡಕ್ಕೆ ಕಲ್ಲು ಅಂತ.”

ಆ ವಟವಟ ಇದು! ನನಗೆ ಮೈಯೆಲ್ಲ ಉರಿದುಹೋಯಿತು. ಏಳನೇ ಕ್ಲಾಸು, ಮರ್ಯಾದೆ ಎಲ್ಲ ಮರೆತೆ. ನಾಳೆ ಆ ಪ್ರಪಾತದ ಪಕ್ಕ ಇವಳ ಬಾಯಿ ನಂಬಿಕೊಂಡು ಹೋಗುತ್ತಿದ್ದಿರಾ, ಇವಳು ಒಂದು ಸಲ ಕೆಮ್ಮಿದರೆ ಗತಿ ಏನು ಎಂದು ಕೂಗಾಡಿದೆ. ಯಾವ ಟೈರನ್ನೂ ಹಾಕುವುದಿಲ್ಲ, ಕಾರು ಜಾಕಿನ ಮೇಲೇ ಕೂತಿರಲಿ ಎಂದೆ. ಅವರ ಮೇಲೆಷ್ಟು ಸಿಟ್ಟಿತ್ತೋ ನನ್ನ ಮೇಲೂ ಅಷ್ಟೇ ಇತ್ತು. ಇನ್ನರ್ಧ ಗಂಟೆಯಲ್ಲಿ ಗಟ್ಟಿ ಟೈರು ಹಾಕಿ, ಹೋಗಿಬನ್ನಿ ಎಂದು ನಾನೇ ಕೈ ಬೀಸುತ್ತಿದ್ದೆ.

ಭಾವ ಬೆಂಚಿನ ಮೇಲೆ ಕುಸಿದು ಕೂತರು. ಕೀಲಿಕೈ ಮುಷ್ಟಿಯಲ್ಲೇ ಇತ್ತು. “ಬಿಟ್ಟುಬಿಟ್ರೆ ಮುದುಕ ಆಗ್ಬಿಡ್ತೀನಿ ಅನ್ಸಿತ್ತು” ಎಂದರು ಮೆಲ್ಲಗೆ.

ಅಕ್ಕ ಎದ್ದಳು. ಎರಡೂ ಬಗೆಯ ಟೈರುಗಳ ಮುಂದೆ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೊಂದರ ಮೇಲೂ ಅಂಗೈ ಆಡಿಸಿದಳು. ಥೇಟ್ ಅಪ್ಪ. ಮದುವೆಗೆ ಮುಂಚೆ ಈ ಅಂಗಡಿಯ ವ್ಯಾನು ಓಡಿಸುತ್ತಿದ್ದವಳು ಅವಳೇ ಎಂಬುದನ್ನು ನಾವೆಲ್ಲ ಯಾವತ್ತೋ ಮರೆತಿದ್ದೆವು.

“ಮೆತ್ತಂದೇ ಹಾಕು.”

“ಬೇಗ ಸವೆಯತ್ತಕ್ಕ.”

“ಸವೀಲಿ. ಓಡಿಸೋಳು ನಾನು.”

ಹೋಗಿ ಗಂಡನ ಎಡಗಡೆ ನಿಂತು ಕೈ ಚಾಚಿದಳು. ಅವರಿಗೆ ಕಾಣಲಿಲ್ಲ. ಅವಳು ಕರೆಯಲಿಲ್ಲ, ಈ ಸಲ ಏನನ್ನೂ ಹೇಳಲಿಲ್ಲ. ಸುತ್ತಿಕೊಂಡು ಬಲಕ್ಕೆ ಬಂದು ಮತ್ತೆ ಚಾಚಿದಳು. ಅವರು ಆ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೀಲಿಕೈ ಇಟ್ಟರು.

ನಾಲ್ಕೂ ಹಾಕಿ ಮುಗಿಸಿದೆ. ಹೊಸ ರಬ್ಬರು ಮೊದಲು ಸ್ವಲ್ಪ ಜಾರುತ್ತದೆ, ಇವತ್ತೆಲ್ಲ ಊರೊಳಗೇ ನಿಧಾನವಾಗಿ ಓಡಿಸಿ ಪಳಗಿಸು, ಬೆಟ್ಟದ ಮಾತು ಆಮೇಲೆ ಎಂದು ಅಕ್ಕನಿಗೆ ಹೇಳಿದೆ. ಭಾವ ಹೋಗಿ ಎಡಗಡೆಯ ಸೀಟಿನಲ್ಲಿ ಕೂತರು. ಅಲ್ಲಿ ಕೂತರೆ ಅವರ ಒಳ್ಳೆಯ ಕಣ್ಣು ಅಕ್ಕನ ಕಡೆಗಿರುತ್ತದೆ. ಕಾರು ಮೆಲ್ಲಗೆ ರಸ್ತೆಗಿಳಿಯಿತು.

“ಬಲಕ್ಕೆ ಲಾರಿ” ಎಂದರು ಭಾವ.