ಜೇಬಿನೊಳಗಿನ ಹೆಂಡತಿ

"ಎಲುಬಿಲ್ಲದ ನಾಲಿಗೆ ನಿಂದು, ಕೋರ್ಟಲ್ಲಾದರೂ ಸ್ವಲ್ಪ ಹಿಡಿದು ಮಾತಾಡು" ಎಂದು ಅತ್ತೆ ಊರುಗೋಲು ಕೈಗೆ ಕೊಡುತ್ತಾ ಹೇಳಿದ್ದರು. ನಾನು ಹೊಲಿಗೆಯವಳು. ಮಂಡಿ ಚೂರಾಗಿ ಒಂಬತ್ತು ತಿಂಗಳಾಗಿತ್ತು. ಮತ್ತೆ ಮಿಷನ್ ತುಳಿಯಬೇಕೆಂದರೆ ಆಪರೇಷನ್ ಆಗಬೇಕು. ಬೈಕಿನಲ್ಲಿ ಗುದ್ದಿದವನನ್ನು ಹಿಂಡಿದರೂ ಒಂದು ಹನಿ ಬಾರದು. ಅವನು ಯಾರ ಊಟದ ಪೊಟ್ಟಣ ಹೊರುತ್ತಿದ್ದನೋ ಆ ಕಂಪನಿಯೇ ಖರ್ಚು ಕೊಡಬೇಕು.

ಕಂಪನಿಯ ವಕೀಲರು ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡಿದರು. "ಪೊಟ್ಟಣ ಕೊಟ್ಟಾಗಿತ್ತು. ಮುಂದಿನ ಆರ್ಡರ್ ಒಪ್ಪಿಕೊಂಡಿರಲಿಲ್ಲ. ನಡುವೆ ಇವನು ಕೆಲಸದಲ್ಲೇ ಇರಲಿಲ್ಲ. ಎಲ್ಲಿದ್ದ, ಏನ್ ಮಾಡ್ತಿದ್ದ, ನಮಗೆ ಗೊತ್ತೇ ಇಲ್ಲ."

ನನ್ನ ಸರದಿ ಬಂತು. ಗುದ್ದಿದ್ದನ್ನು ಹೇಳಿದೆ. ಅವನು ಓಡಿಹೋಗದೆ, ಆಂಬುಲೆನ್ಸ್ ಬರುವ ತನಕ ನನ್ನ ಕಾಲನ್ನು ಅದುಮಿ ಹಿಡಿದು ಕೂತದ್ದನ್ನೂ ಹೇಳಿದೆ. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ನನ್ನಿಂದಾದೀತೆ? ಒಂಬತ್ತು ತಿಂಗಳಿಂದ ಹೊಟ್ಟೆಯಲ್ಲಿ ಕುದಿಯುತ್ತಿದ್ದುದು ಹೊರಗೆ ಬಂದೇಬಿಟ್ಟಿತು.

"ಇವನ ಮೇಲೆ ಸಿಟ್ಟಿದೆ ಸ್ವಾಮಿ, ಇಲ್ಲ ಅನ್ನಲ್ಲ. ಆದರೆ ಇವನ ಹೆಂಡತಿ ಇದ್ದಾಳಲ್ಲ, ಅವಳದು ಕಲ್ಲೆದೆ. ನಾನಿಲ್ಲಿ ರಕ್ತದಲ್ಲಿ ಬಿದ್ದಿದೀನಿ, ಅವಳು ಇವನ ಜೇಬಿನ ಫೋನಿಂದ, 'ನಾಲ್ಕು ನಿಮಿಷದಿಂದ ನಿಂತಿದ್ದೀರಿ, ಯಾಕೆ? ಮಾರ್ಕೆಟ್ ಕಡೆ ಹೊರಡಿ' ಅಂತಾಳೆ. ಆಮೇಲೆ, 'ಎಂಟು ನಿಮಿಷ ಆಯ್ತು, ಇನ್ನೂ ಹೊರಟಿಲ್ಲ.' ಅಂಥವಳ ಜೊತೆ ಹೇಗಪ್ಪ ಸಂಸಾರ ಮಾಡ್ತೀಯ?"

ಹಿಂದೆ ಯಾರೋ ಕಿಸಕ್ಕೆಂದರು. ಬೈಕಿನವನು ತಲೆಯೆತ್ತಿದ.

"ನಂಗೆ ಮದುವೆನೇ ಆಗಿಲ್ಲ ಅಕ್ಕ. ಅದು ಕಂಪನಿಯ ಆ್ಯಪ್. ದಿನಾ ಹಾಗೇ ಮಾತಾಡ್ತಿತ್ತು."

ಯಾವ ಕಟ್ಟಡದಲ್ಲಿ, ಯಾವ ಮಹಡಿಯಲ್ಲಿ ಅದರ ಕಣ್ಣಿದೆಯೋ ಕಾಣೆ. ನಾನು ರಸ್ತೆಯಲ್ಲಿ ನರಳಿದ ಒಂದೊಂದು ನಿಮಿಷವನ್ನೂ ಅದು ಎಣಿಸಿತ್ತು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿದರು. ಆ ಆ್ಯಪಿನ ದಾಖಲೆ ತರುವಂತೆ ಕಂಪನಿಗೆ ಹೇಳಿದರು.

ಮುಂದಿನ ವಿಚಾರಣೆಯಲ್ಲಿ ಅದನ್ನು ಓದಿದರು. ಎಲ್ಲವೂ ಇತ್ತು: ಆ ಬೀದಿ, ನಾಲ್ಕನೇ ನಿಮಿಷ, ಎಂಟನೇ ನಿಮಿಷ. ಹನ್ನೊಂದನೆಯದರ ಮುಂದೆ, 'ಉತ್ತರ ಇಲ್ಲ. ಕೆಲಸದಿಂದ ತೆಗೆಯಲಾಗಿದೆ.'

ನ್ಯಾಯಾಧೀಶರು ಕನ್ನಡಕ ತೆಗೆದು ವಕೀಲರನ್ನು ನೋಡಿದರು. "ಕೆಲಸದಲ್ಲೇ ಇಲ್ಲದವನನ್ನ ಕೆಲಸದಿಂದ ಹೇಗೆ ತೆಗೆದ್ರಿ?"

ನನ್ನ ಮಂಡಿಯ ಖರ್ಚು ಪೂರ್ತಿ ಕಂಪನಿಯದೇ ಎಂದು ಆದೇಶವಾಯಿತು.

ಹೊರಗೆ ನಾನು ಕಂಬಿ ಹಿಡಿದು ಮೆಟ್ಟಿಲಿಳಿಯುವಾಗ ಬೈಕಿನವನು ನನ್ನ ಊರುಗೋಲು ಹಿಡಿದು ನಿಂತಿದ್ದ. ಅವನ ಕೆಲಸ ಹೋದದ್ದು ನನಗೆ ಗೊತ್ತಾದದ್ದೇ ಅವತ್ತು.

"ಫೋನಲ್ಲಿ ಒಂದು ಉತ್ತರ ಒತ್ತಿದ್ರೆ ಕೆಲಸ ಉಳೀತಿತ್ತಲ್ಲಪ್ಪ. ಯಾಕೆ ಒತ್ತಲಿಲ್ಲ?"

ಇದೂ ಒಂದು ಪ್ರಶ್ನೆಯೇ ಎಂಬಂತೆ ಅವನು ನನ್ನನ್ನು ನೋಡಿದ.

"ಎರಡೂ ಕೈ ನಿಮ್ಮ ಕಾಲ ಮೇಲಿತ್ತಲ್ಲ ಅಕ್ಕ."