ಬಟ್ಟೆ ಹಚ್ಚಿ ಊದಿದ ಟ್ರಂಪೆಟ್

ಬ್ಯಾಂಡ್ ವಾದ್ಯಗಳ ಒಡಕು ಮುಚ್ಚುವುದರಲ್ಲಿ ಜೇವರ್ಗಿಯ ಶಿವರಾಯನದು ಎತ್ತಿದ ಕೈ. ಅವನದೊಂದು ಪದ್ಧತಿ: ಬೆಸುಗೆ ಹಾಕಿದ ಮೇಲೆ ತಾನೇ ಊದಿ ನೋಡಿ ಕೊಡುತ್ತಾನೆ. ಅವನು ಊದಿ ಕೊಟ್ಟಿದ್ದು ಮತ್ತೆ ಒಡೆದರೆ ಪುಕ್ಕಟೆ ರಿಪೇರಿ. ಊದದೆ ಕೊಟ್ಟಿದ್ದಕ್ಕೆ ಜವಾಬ್ದಾರನಲ್ಲ. ಗೊಬ್ಬೂರಿನ ಪಂಚಶೀಲಾ ಆ ಒಂದು ಉಸಿರಿಗಾಗಿಯೇ ಎರಡು ಬಸ್ಸು ಬದಲಿಸಿ ಬಂದಿದ್ದಳು. ನಾಳೆ ಅಫಜಲಪುರದ ಮದುವೆಯಲ್ಲಿ ಟ್ರಂಪೆಟ್ ಕೈಕೊಟ್ಟರೆ, ಬ್ಯಾಂಡ್ ಮಾಸ್ತರ ದಿಲೀಪ ಅದನ್ನು ಕಸಿದುಕೊಂಡು ಮತ್ತೆ ತಾಳ ಹಿಡಿಸುವವನಿದ್ದ.

ಅವಳಿಗಿಂತ ಮುಂದೆ ಹವಳಗಾದ ಸುನೀಲಕುಮಾರ ಕೂತಿದ್ದ. ಅವನ ಟ್ರಂಪೆಟ್ ಬಗ್ಗಿಸಿದರೆ ಗುಟ್ಕಾದ ಕೆಂಪು ಎಂಜಲು ತೊಟ್ಟಿಕ್ಕಿತು. ಅದರ ತೂತಿಗೆ ಎಂ-ಸೀಲ್ ಮೆತ್ತಿ, ಮೇಲೆ ಬಂಗಾರದ ಬಣ್ಣ ಬೇರೆ ಬಳಿದಿದ್ದ ಪುಣ್ಯಾತ್ಮ. ಪಂಚಶೀಲಾ ಮುಖ ಆಚೆ ತಿರುಗಿಸಿದಳು. ಶಿವರಾಯನಿಗೆ ಏನೂ ಅನಿಸಲಿಲ್ಲ. ಎಂ-ಸೀಲ್ ಕೆರೆದು ತೂತು ಮುಚ್ಚಿದ, ಅಂಗೈಯಲ್ಲಿ ಒರೆಸಿದ, ಬಾಯಿಗಿಟ್ಟು ಊದಿದ.

ಪಂಚಶೀಲಾಳ ಟ್ರಂಪೆಟ್ಟಿನ ಅಗಲ ಬಾಯಿ ಅಂಚಿನಿಂದ ಬೆರಳುದ್ದ ಸೀಳಿತ್ತು. ಸೀಳು ಮುಂದಕ್ಕೆ ಹರಿಯದಂತೆ ಅದರ ಕೊನೆಗೆ ಸೂಜಿಮೊನೆಯಷ್ಟು ರಂಧ್ರ ಕೊರೆದು, ಒಳಗಿನಿಂದ ಹಿತ್ತಾಳೆಯ ತೇಪೆ ಕೂರಿಸಿ, ಬೆಸುಗೆ ಹಾಕಿ, ಅರದಿಂದ ನುಣ್ಣಗೆ ಉಜ್ಜಿದ. ಕೆಲಸಕ್ಕೆ ಹೆಸರಿಡುವಂತಿರಲಿಲ್ಲ.

“ಗೊಬ್ಬೂರದಾಗ ಯಾವ ಓಣಿ?”

“ಬುದ್ಧ ವಿಹಾರದ ಓಣಿರಿ.”

ಟ್ರಂಪೆಟ್ ಹಿಡಿದು ಬಾಯಿಯತ್ತ ಹೊರಟಿದ್ದ ಶಿವರಾಯನ ಕೈ ನಡುವೆಯೇ ನಿಂತಿತು. “ನೀನೇ ಊದಿ ನೋಡು.”

“ಎಲ್ಲಾರ್ದೂ ನೀವೇ ಊದ್ತೀರಲ್ರಿ? ನಂದೂ ಊದ್ರಿ.”

ಸುನೀಲಕುಮಾರ ಇನ್ನೂ ಅಲ್ಲೇ ನಿಂತು ನೋಡುತ್ತಿದ್ದ. ಶಿವರಾಯ ಹೆಗಲ ಮೇಲಿನ ಬಟ್ಟೆಯನ್ನು ಊದುವ ತುದಿಗೆ ಎರಡು ಪದರ ಸುತ್ತಿ, ತುಟಿ ತಾಗಿಯೂ ತಾಗದಂತೆ ಊದಿದ. ಗುಟ್ಕಾದ ಎಂಜಲಿಗೆ ಬಾರದ ಹೇಸಿಗೆ, ಅವಳು ಬಿಸಿನೀರಲ್ಲಿ ತೊಳೆದು ತಂದ ಟ್ರಂಪೆಟ್ಟಿಗೆ ಬಂದಿತ್ತು. ಇವನ ಬಾಯಿಗೆ ಮಣ್ಣು ಬೀಳ!

ಬರ್ರ್ ಎಂದು ಒಡಕು ಸದ್ದು ಬಂತು.

“ತೇಪಿ ಸಡ್ಲ ಆಗ್ಯಾದ. ಮತ್ತ ಕಾಯಿಸ್ಬೇಕು” ಎಂದು ಶಿವರಾಯ ಬೆಂಕಿ ಹೊತ್ತಿಸಿದ.

“ತೇಪಿ ಗಟ್ಟಿ ಅದರಿ. ಬಟ್ಟಿ ಸುತ್ತಿದ್ದಕ್ಕ ಹಂಗ ಬರಾಕತ್ತದ.”

“ಮೂವತ್ತು ವರ್ಷದಿಂದ ಮಾಡಾಕತ್ತೇನಿ. ನನಗ ಕಲಸ್ತೀ ಏನು?”

ತೆಳ್ಳಗಿನ ತಗಡು ಇನ್ನೊಂದು ಸಲ ಕಾದರೆ ಸುಟ್ಟು ತೂತು ಬೀಳುತ್ತದೆಂದು ಅವನಿಗೇ ಚೆನ್ನಾಗಿ ಗೊತ್ತಿತ್ತು. ಆದರೂ ಬೆಂಕಿ ಹತ್ತಿರ ತಂದ. ಪಂಚಶೀಲಾ ಟ್ರಂಪೆಟ್ ಕಸಿದುಕೊಂಡಳು, ಬಟ್ಟೆ ಕಿತ್ತೆಸೆದಳು, ಎದೆ ತುಂಬ ಉಸಿರೆಳೆದು ಊದಿದಳು. ಎಲ್ಲೂ ಒಡಕಿಲ್ಲದ ದನಿ. ಎದುರಿನ ಚಹಾದಂಗಡಿಯವರು ತಿರುಗಿ ನೋಡಿದರು.

ಶಿವರಾಯನ ಮುಖ ಸಣ್ಣದಾಯಿತು. ಬೆಂಕಿ ಆರಿಸಿ ಕೈ ಚಾಚಿದ. “ಕೊಡವ್ವ, ಬಟ್ಟಿ ಇಲ್ದೇ ಊದ್ತೇನಿ. ಒಡದ್ರ ನನ್ನ ಜವಾಬ್ದಾರಿ.”

ಅವಳು ಬಂದಿದ್ದೇ ಆ ಮಾತಿಗಾಗಿ. ಅವನ ತುಟಿಗಳನ್ನು ಒಮ್ಮೆ ನೋಡಿದಳು. ಟ್ರಂಪೆಟ್ ಚೀಲಕ್ಕೆ ಹಾಕಿಕೊಂಡು ಎದ್ದಳು.

“ಬ್ಯಾಡ್ರಿ. ಈಗ ನನಗ ಹೇಸಿಗಿ ಬರಾಕತ್ತದ.”